ಬೆಳಕಿನ ವೇಗ ಮತ್ತು ಸಾಪೇಕ್ಷತೆ: ಕರ್ನಾಟಕದಲ್ಲಿ

ನಿರ್ವಾತದಲ್ಲಿ ಬೆಳಕು ಸೆಕೆಂಡಿಗೆ 2,99,792.458 ಕಿ.ಮೀ. ಸಾಗುತ್ತದೆ. ಅಳೆಯುವವರು ನಿಂತಿರಲಿ, ಓಡುತ್ತಿರಲಿ, ಸಿಗುವ ಸಂಖ್ಯೆ ಇದೇ. ಹೀಗಿರುವಾಗ ಕಾಲ ಮತ್ತು ದೂರಗಳೇ ಅಳೆಯುವವರ ಚಲನೆಗೆ ತಕ್ಕಂತೆ ಬದಲಾಗಬೇಕಾಗುತ್ತದೆ ಎಂಬುದು ಆಲ್ಬರ್ಟ್ ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ವಿಶಿಷ್ಟ ಸಾಪೇಕ್ಷತಾ ಸಿದ್ಧಾಂತದ ತಿರುಳು. ಗುರುತ್ವವನ್ನೂ ಒಳಗೊಂಡ ಸಾರ್ವತ್ರಿಕ ಸಿದ್ಧಾಂತ 1915ರಲ್ಲಿ ಬಂತು. ಈ ವಿಷಯದ ಚರಿತ್ರೆಯಲ್ಲಿ ಬೆಂಗಳೂರಿಗೂ ಕೋಲಾರದ ಚಿನ್ನದ ಗಣಿಗೂ ಪಾಲಿದೆ. ಅದನ್ನು ಕನ್ನಡದಲ್ಲಿ ಹೇಳಿದವರ ಸಾಲಿನಲ್ಲಿ ಬಂಟ್ವಾಳ, ಪುತ್ತೂರು, ಮಂಗಳೂರುಗಳ ನಂಟಿನವರು ಎದ್ದು ಕಾಣುತ್ತಾರೆ.

ವೇಗದ ಅಳತೆ

ಬಂಟ್ವಾಳ ತಾಲೂಕಿನ ಕಲ್ಲಡ್ಕದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಮುನ್ನೂರು ಚಿಲ್ಲರೆ ಕಿ.ಮೀ. ಶಿರಾಡಿ ಘಾಟಿ ಹತ್ತಿ ಹೋಗುವ ಬಸ್ಸಿಗೆ ಒಂದು ರಾತ್ರಿ ಬೇಕು. ಬೆಳಕಿಗೆ ಸಾಕಾಗುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು. ಇಷ್ಟು ವೇಗವನ್ನು ನೆಲದ ಮೇಲಿನ ದೂರಗಳಲ್ಲಿ ಹಿಡಿಯುವುದು ಬಹುಕಾಲ ಸಾಧ್ಯವಾಗಲಿಲ್ಲ. 1676ರಲ್ಲಿ ಓಲೆ ರೋಮರ್ ಗುರುಗ್ರಹದ ಉಪಗ್ರಹವೊಂದರ ಗ್ರಹಣಗಳು ಲೆಕ್ಕಕ್ಕಿಂತ ಹಿಂದೆ ಮುಂದೆ ಆಗುವುದನ್ನು ಗಮನಿಸಿ, ಬೆಳಕು ಬರಲು ಕಾಲ ತೆಗೆದುಕೊಳ್ಳುತ್ತದೆ ಎಂದು ತೋರಿಸಿದ. ಫಿಜೋ 1849ರಲ್ಲಿ ಹಲ್ಲುಚಕ್ರ ಮತ್ತು ಕನ್ನಡಿಯಿಂದ ನೆಲದ ಮೇಲೆಯೇ ವೇಗವನ್ನು ಅಳೆದ. ಭೂಮಿಯ ಚಲನೆಯಿಂದ ಬೆಳಕಿನ ವೇಗದಲ್ಲಿ ವ್ಯತ್ಯಾಸ ಸಿಗಬಹುದೆಂದು ಮೈಕೆಲ್ಸನ್ ಮತ್ತು ಮೋರ್ಲಿ 1887ರಲ್ಲಿ ಹುಡುಕಿದರು, ಸಿಗಲಿಲ್ಲ. 1983ರಿಂದ ಮೀಟರನ್ನೇ ಬೆಳಕಿನ ವೇಗದ ಆಧಾರದ ಮೇಲೆ ನಿರೂಪಿಸಲಾಗಿದೆ.

ಸಾಯಣಭಾಷ್ಯದ ಪ್ರಶ್ನೆ

ವಿಜಯನಗರದ ಬುಕ್ಕರಾಯನ ಆಸ್ಥಾನದಲ್ಲಿದ್ದ ಸಾಯಣಾಚಾರ್ಯ ಋಗ್ವೇದದ ಸೂರ್ಯಸೂಕ್ತಕ್ಕೆ ಭಾಷ್ಯ ಬರೆಯುವಾಗ, ಅರ್ಧ ನಿಮೇಷದಲ್ಲಿ 2202 ಯೋಜನ ಕ್ರಮಿಸುವವನು ಎಂದು ಸೂರ್ಯನನ್ನು ಸ್ತುತಿಸುವ ಹಳೆಯ ಶ್ಲೋಕವೊಂದನ್ನು ಉದಾಹರಿಸಿದ್ದಾನೆ. ಇದು ಬೆಳಕಿನ ವೇಗವೇ ಎಂಬ ವಾದ ಕರ್ನಾಟಕದಲ್ಲಿ ಆಗಾಗ ಕೇಳಿಬರುತ್ತದೆ. ಯೋಜನವನ್ನು 14.5 ಕಿ.ಮೀ., ನಿಮೇಷವನ್ನು ಸೆಕೆಂಡಿನ 75ರಲ್ಲಿ 16 ಪಾಲು ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಬರುವುದು ನಿಜ. ಯೋಜನವನ್ನು 8 ಕಿ.ಮೀ. ಎಂದು ಹಿಡಿದರೆ ಅದೇ ಲೆಕ್ಕ 1.65 ಲಕ್ಷಕ್ಕೆ ಇಳಿಯುತ್ತದೆ. ಯೋಜನದ ಉದ್ದ ಗ್ರಂಥದಿಂದ ಗ್ರಂಥಕ್ಕೆ ಬೇರೆ. ಶ್ಲೋಕ ಹೇಳುವುದು ಸೂರ್ಯನ ಸಂಚಾರವನ್ನು; ಅಳೆದ ಬಗೆ ಅದರಲ್ಲಿಲ್ಲ. ಆದ್ದರಿಂದ ಇದನ್ನು ವೇಗದ ಮಾಪನ ಎನ್ನಲು ಆಧಾರ ಸಾಲದು.

ವಿಶ್ವಕಿರಣ ಮತ್ತು ಹಿಗ್ಗುವ ಕಾಲ

ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎಂಬ ಸಾಪೇಕ್ಷತೆಯ ಮಾತಿಗೆ ಪ್ರಕೃತಿಯಲ್ಲೇ ಒಂದು ಸಾಕ್ಷಿಯಿದೆ. ಹೊರಗಿನಿಂದ ಬರುವ ವಿಶ್ವಕಿರಣಗಳು ಸುಮಾರು 15 ಕಿ.ಮೀ. ಎತ್ತರದಲ್ಲಿ ಗಾಳಿಗೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಮ್ಯೂಆನಿನ ಸರಾಸರಿ ಆಯಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಪಾಲು. ಅಷ್ಟರಲ್ಲಿ ಬೆಳಕೂ ಸುಮಾರು 660 ಮೀಟರ್ ಮಾತ್ರ ಸಾಗುತ್ತದೆ. ಹಳೆಯ ಲೆಕ್ಕದಂತೆ ಅವು ನೆಲ ಮುಟ್ಟುವುದೇ ಅಪರೂಪವಾಗಬೇಕಿತ್ತು. ಆದರೆ ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಇಳಿಯುತ್ತದೆ. ಅಂಗೈ ಬಿಡಿಸಿ ಆಕಾಶಕ್ಕೆ ಹಿಡಿದರೆ ಸೆಕೆಂಡಿಗೆ ಒಂದಾದರೂ ಅದನ್ನು ಹಾದು ಹೋಗುತ್ತಿರುತ್ತದೆ. ಬೆಳಕಿನ ವೇಗದ ಶೇ. 99.8ರಷ್ಟು ವೇಗದ ಮ್ಯೂಆನಿನ ಆಯಸ್ಸು ನಮ್ಮ ಗಡಿಯಾರದಲ್ಲಿ ಸುಮಾರು 16 ಪಟ್ಟು ಹಿಗ್ಗಿ, ಅದು 10 ಕಿ.ಮೀ. ದಾಟಬಲ್ಲದು. ಮ್ಯೂಆನಿನ ಕಡೆಯಿಂದ ನೋಡಿದರೆ ಆಯಸ್ಸು ಹಿಗ್ಗಿಲ್ಲ. ಕ್ರಮಿಸಬೇಕಾದ ದಾರಿ ಕುಗ್ಗಿದೆ. ಎರಡು ಲೆಕ್ಕಕ್ಕೂ ಉತ್ತರ ಒಂದೇ.

ವಿಶ್ವಕಿರಣದ ಇಂಥ ಅಲ್ಪಾಯು ಕಣಗಳನ್ನು ಗಡಿಯಾರದಂತೆ ಬಳಸಿ ಸಾಪೇಕ್ಷತೆಯನ್ನು ಪರೀಕ್ಷಿಸಬಹುದು ಎಂದು 1938ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸೂಚಿಸಿದವರು ಹೋಮಿ ಭಾಭಾ. ಮರುವರ್ಷ ರಜೆಗೆಂದು ಭಾರತಕ್ಕೆ ಬಂದಿದ್ದ ಅವರು ಎರಡನೇ ಮಹಾಯುದ್ಧದಿಂದಾಗಿ ಕೇಂಬ್ರಿಜ್‌ಗೆ ಮರಳಲಾಗದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆ ಕಟ್ಟಿದರು. ರೊಸ್ಸಿ ಮತ್ತು ಹಾಲ್ 1941ರಲ್ಲಿ ಅಮೆರಿಕದ ಕೊಲೊರಾಡೊದ ಬೆಟ್ಟಗಳಲ್ಲಿ ಮ್ಯೂಆನುಗಳನ್ನು ಬೇರೆ ಬೇರೆ ಎತ್ತರಗಳಲ್ಲಿ ಎಣಿಸಿ ಕಾಲ ಹಿಗ್ಗುವುದನ್ನು ದೃಢಪಡಿಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಆರಂಭವಾದದ್ದೂ ಬೆಂಗಳೂರಿನಲ್ಲೇ. ಅದೇ ವರ್ಷ ಮುಂಬಯಿಗೆ ಹೋಯಿತು.

ಆ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1951ರಿಂದ ಕೋಲಾರ ಚಿನ್ನದ ಗಣಿಯ ಆಳದಲ್ಲಿ ಮ್ಯೂಆನುಗಳನ್ನು ಎಣಿಸತೊಡಗಿದರು. ಇಲ್ಲಿ ಉದ್ದೇಶ ಸಾಪೇಕ್ಷತೆಯ ಪರೀಕ್ಷೆಯಲ್ಲ; ಎಷ್ಟು ಬಂಡೆ ದಾಟಿ ಕಣಗಳು ಬರುತ್ತವೆ ಎಂಬ ಹುಡುಕಾಟ. ಅಷ್ಟು ಹೊತ್ತಿಗೆ ಸಾಪೇಕ್ಷತೆ ಕಣಭೌತವಿಜ್ಞಾನದ ದಿನನಿತ್ಯದ ಲೆಕ್ಕವಾಗಿತ್ತು. ಆಳ ಹೆಚ್ಚಿದಂತೆ ಮ್ಯೂಆನ್ ವಿರಳವಾದದ್ದರಿಂದ ಗಣಿ ಇನ್ನೊಂದು ಕೆಲಸಕ್ಕೆ ಒದಗಿತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, 2.3 ಕಿ.ಮೀ. ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವನ್ನು ಪತ್ತೆಹಚ್ಚಿತು.

ಕೃಷ್ಣವಿವರ ಮತ್ತು ಉಪಗ್ರಹ

ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ (1938–2017) ಕನ್ನಡ ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ. ಬೆಳಕನ್ನೂ ಹೊರಬಿಡದ ಕೃಷ್ಣವಿವರವನ್ನು ಕೆಣಕಿದರೆ ಅದು ತನ್ನದೇ ಕಂಪನದಲ್ಲಿ ಗುರುತ್ವದ ಅಲೆ ಹೊಮ್ಮಿಸಿ ಬೇಗ ಶಾಂತವಾಗುತ್ತದೆ ಎಂದು 1970ರಲ್ಲಿ ಸಾರ್ವತ್ರಿಕ ಸಿದ್ಧಾಂತದಿಂದ ಲೆಕ್ಕ ಹಾಕಿ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಲೈಗೊ ಉಪಕರಣಗಳು ಹಿಡಿದ ಮೊದಲ ಗುರುತ್ವದ ಅಲೆಯ ಕೊನೆಯ ಭಾಗ ಈ ಲೆಕ್ಕಕ್ಕೆ ಹೊಂದಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ.

ಮೊಬೈಲ್ ನಕ್ಷೆಗೂ ಸಾಪೇಕ್ಷತೆ ಬೇಕು. ಜಿಪಿಎಸ್ ಉಪಗ್ರಹದ ಗಡಿಯಾರ ವೇಗದಿಂದ ನಿಧಾನವಾದರೂ ಅಲ್ಲಿ ಗುರುತ್ವ ಕಡಿಮೆಯಾದ್ದರಿಂದ ಅದಕ್ಕಿಂತ ಹೆಚ್ಚು ಮುಂದೋಡುತ್ತದೆ. ಎರಡೂ ಕೂಡಿ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದು; ಅಷ್ಟರಲ್ಲಿ ಬೆಳಕು 11 ಕಿ.ಮೀ. ಸಾಗಿರುತ್ತದೆ, ಆದ್ದರಿಂದ ಗಡಿಯಾರವನ್ನು ತಿದ್ದಬೇಕು. ಭಾರತದ ನಾವಿಕ್ ಉಪಗ್ರಹ ವ್ಯವಸ್ಥೆಗೂ ಇಂಥದೇ ತಿದ್ದುಪಡಿ ಅಗತ್ಯ. ಅದರ ಸಂಚಾಲನಾ ಕೇಂದ್ರ 2013ರಲ್ಲಿ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಆರಂಭವಾಯಿತು.

ಕನ್ನಡದಲ್ಲಿ ಪ್ರಸಾರ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆ ಹೊರಡಿಸಿ ಕನ್ನಡದಲ್ಲಿ ಭೌತವಿಜ್ಞಾನ ಬರೆಯುವ ದಾರಿ ತೆರೆದರು. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 'ಬಾಲಪ್ರಪಂಚ'ದ ನಂತರ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಮಡಿಕೇರಿಯ ಜಿ.ಟಿ. ನಾರಾಯಣ ರಾವ್ (1926–2008) ಗಣಿತದ ಅಧ್ಯಾಪಕರು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರು. 'ಐನ್‌ಸ್ಟೈನ್ ಬಾಳಿದರಿಲ್ಲಿ' ಮತ್ತು 'ಕೃಷ್ಣವಿವರಗಳು' ಅವರ ಕೃತಿಗಳು. ಅವರ ಹಲವು ಪುಸ್ತಕಗಳು ಮಂಗಳೂರಿನ ಅತ್ರಿ ಬುಕ್ ಸೆಂಟರಿನಿಂದ ಬಂದವು. ಬಂಟ್ವಾಳ ತಾಲೂಕಿನ ಅಡ್ಯನಡ್ಕದವರಾದ ಭೌತವಿಜ್ಞಾನದ ಪ್ರಾಧ್ಯಾಪಕ ಅಡ್ಯನಡ್ಕ ಕೃಷ್ಣ ಭಟ್ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ದ ಸಂಪಾದಕರಾಗಿ ಶಾಲೆಯ ಮಕ್ಕಳವರೆಗೆ ಈ ಬರವಣಿಗೆಯನ್ನು ತಲುಪಿಸಿದರು. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ ತೆರೆಯಿತು.

ಪಿಯುಸಿ ಭೌತವಿಜ್ಞಾನದಲ್ಲಿ ವಿಶಿಷ್ಟ ಸಾಪೇಕ್ಷತೆಗೆ ಪ್ರತ್ಯೇಕ ಅಧ್ಯಾಯವಿಲ್ಲ. ದ್ರವ್ಯ ಮತ್ತು ಶಕ್ತಿಯ ಸಮೀಕರಣ ಪರಮಾಣು ಬೀಜದ ಪಾಠದಲ್ಲಿ ಬಂದು ಹೋಗುತ್ತದೆ. ಅದರ ಹಿಂದಿರುವ ಕಾಲದ ವಿಚಾರ ಪದವಿ ತರಗತಿಗೆ ಉಳಿಯುತ್ತದೆ. ಪದವಿಯಲ್ಲಿ ಭೌತವಿಜ್ಞಾನ ಓದದ ಕನ್ನಡ ಓದುಗರಿಗೆ ಆ ವಿಚಾರ ಸಿಗುವುದು ಇಂದಿಗೂ ಹೆಚ್ಚಾಗಿ ಇಂಥ ಪುಸ್ತಕ, ಪತ್ರಿಕೆ ಮತ್ತು ತಾರಾಲಯಗಳಿಂದಲೇ.