ಟೈಮ್ ಶಿಫ್ಟಿಂಗ್ (ದೂರದರ್ಶನ ವೀಕ್ಷಣೆ)

ದೂರದರ್ಶನ ವಾಹಿನಿಯೊಂದರ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿಕೊಂಡು, ಅದು ಪ್ರಸಾರವಾದ ಹೊತ್ತಿನಲ್ಲಲ್ಲದೆ ತಮಗೆ ಅನುಕೂಲವಾದ ಬೇರೊಂದು ಹೊತ್ತಿನಲ್ಲಿ ನೋಡುವ ಪದ್ಧತಿಯನ್ನು ಟೈಮ್ ಶಿಫ್ಟಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಕಾಲಾಂತರ ವೀಕ್ಷಣೆ ಎನ್ನಬಹುದು. ವಾರದ ದಿನಗಳಲ್ಲಿ ಬಿಡುವಿಲ್ಲದವರು ಸೋಮವಾರದಿಂದ ಶುಕ್ರವಾರದವರೆಗಿನ ಧಾರಾವಾಹಿಯ ಕಂತುಗಳನ್ನು ಕೂಡಿಟ್ಟುಕೊಂಡು ಶನಿವಾರ, ಭಾನುವಾರಗಳಂದು ಒಟ್ಟಿಗೆ ನೋಡಿ ಮುಗಿಸುವುದು ಇದರ ಅತ್ಯಂತ ಪರಿಚಿತ ರೂಪ. ಮನೆಯೊಳಗಿನ ಈ ಸಾಧಾರಣ ಅಭ್ಯಾಸವು ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಏಳು ವರ್ಷಗಳಿಗೂ ಹೆಚ್ಚು ಕಾಲ ನ್ಯಾಯಾಲಯಗಳಲ್ಲಿ ನಡೆದು, ಕೊನೆಗೆ ಒಂದೇ ಮತದ ಅಂತರದಲ್ಲಿ ವೀಕ್ಷಕರ ಪರವಾಗಿ ತೀರ್ಮಾನವಾಯಿತು.

ಹಿನ್ನೆಲೆ

ಪ್ರಸಾರವನ್ನು ತಡಮಾಡಿ ತೋರಿಸುವ ತಂತ್ರ ಮೊದಲು ಹುಟ್ಟಿದ್ದು ವೀಕ್ಷಕರಿಗಾಗಿ ಅಲ್ಲ, ಪ್ರಸಾರಕರಿಗಾಗಿ. ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಗಳ ನಡುವೆ ಮೂರು ಗಂಟೆಗಳ ವ್ಯತ್ಯಾಸವಿದೆ. ನ್ಯೂಯಾರ್ಕಿನಲ್ಲಿ ಸಂಜೆಯ ಹೊತ್ತಿಗೆ ಹೊರಡುವ ವಾರ್ತೆ ಲಾಸ್ ಏಂಜಲೀಸಿನಲ್ಲಿ ಮಧ್ಯಾಹ್ನವೇ ಬಂದುಬಿಡುತ್ತಿತ್ತು. ಇದನ್ನು ತಪ್ಪಿಸಲು ಟಿ.ವಿ. ಪರದೆಯನ್ನೇ ಚಲನಚಿತ್ರದ ರೀಲಿನಲ್ಲಿ ಸೆರೆಹಿಡಿದು, ತರಾತುರಿಯಲ್ಲಿ ಸಂಸ್ಕರಿಸಿ, ಮರುಪ್ರಸಾರ ಮಾಡುವ ಕಿನೆಸ್ಕೋಪ್ ವಿಧಾನ ಬಳಕೆಯಲ್ಲಿತ್ತು. ಅದರ ಚಿತ್ರ ಮಸುಕಾಗಿರುತ್ತಿತ್ತು. 1956ರಲ್ಲಿ ಆಂಪೆಕ್ಸ್ ಸಂಸ್ಥೆ ಎರಡು ಅಂಗುಲ ಅಗಲದ ಕಾಂತೀಯ ಟೇಪು ಬಳಸುವ ವಿಡಿಯೊ ರೆಕಾರ್ಡರನ್ನು ಪ್ರದರ್ಶಿಸಿತು. ಅದೇ ವರ್ಷ ನವೆಂಬರ್ 30ರಂದು ಸಿ.ಬಿ.ಎಸ್. ಜಾಲವು ಡಗ್ಲಸ್ ಎಡ್ವರ್ಡ್ಸ್ ಅವರ ವಾರ್ತಾ ಕಾರ್ಯಕ್ರಮವನ್ನು ಟೇಪಿನಲ್ಲಿ ಹಿಡಿದಿಟ್ಟು ಪಶ್ಚಿಮ ಕರಾವಳಿಯವರಿಗೆ ತಡವಾಗಿ ಪ್ರಸಾರ ಮಾಡಿತು.

ಈ ಸೌಲಭ್ಯ ಮನೆಗಳಿಗೆ ತಲುಪಲು ಸುಮಾರು ಎರಡು ದಶಕಗಳು ಬೇಕಾದವು. 1975ರಲ್ಲಿ ಸೋನಿ ಸಂಸ್ಥೆ ಬೆಟಾಮ್ಯಾಕ್ಸ್ ಯಂತ್ರವನ್ನೂ 1976ರಲ್ಲಿ ಜೆ.ವಿ.ಸಿ. ಸಂಸ್ಥೆ ವಿ.ಎಚ್.ಎಸ್. ಯಂತ್ರವನ್ನೂ ಜಪಾನಿನಲ್ಲಿ ಬಿಡುಗಡೆ ಮಾಡಿದವು. ಇಂಥ ಯಂತ್ರಗಳಿಗೆ ತಮ್ಮದೇ ಟ್ಯೂನರ್ ಇದ್ದುದರಿಂದ ಒಂದು ವಾಹಿನಿಯನ್ನು ನೋಡುತ್ತಿರುವಾಗಲೇ ಇನ್ನೊಂದನ್ನು ರೆಕಾರ್ಡ್ ಮಾಡಬಹುದಾಗಿತ್ತು. ಗಡಿಯಾರದ ನೆರವಿನಿಂದ ಮನೆಯಲ್ಲಿ ಯಾರೂ ಇಲ್ಲದಿರುವಾಗಲೂ ಕೆಲಸ ನಡೆಯುತ್ತಿತ್ತು. ಸೋನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಅವರು ಯಂತ್ರವನ್ನು ಜನರಿಗೆ ಪರಿಚಯಿಸಿದ್ದೇ ‘ಟೈಮ್ ಶಿಫ್ಟ್’ ಎಂಬ ಕಲ್ಪನೆಯ ಮೂಲಕ. ಆರಂಭದ ಬೆಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಒಂದು ಗಂಟೆ ಮಾತ್ರ ರೆಕಾರ್ಡ್ ಆಗುತ್ತಿತ್ತು, ವಿ.ಎಚ್.ಎಸ್.ನಲ್ಲಿ ಎರಡು ಗಂಟೆ. ಮುಂದೆ ಮಾರುಕಟ್ಟೆಯಲ್ಲಿ ವಿ.ಎಚ್.ಎಸ್. ಗೆದ್ದುದಕ್ಕೆ ಈ ಹೆಚ್ಚುವರಿ ಅವಧಿ ಒಂದು ಮುಖ್ಯ ಕಾರಣ. ಒಂದು ಚಲನಚಿತ್ರ ಪೂರ್ತಿಯಾಗಿ ಹಿಡಿಸದ ಕ್ಯಾಸೆಟ್ಟನ್ನು ಇಟ್ಟುಕೊಂಡು ಮನೆಯವರು ಮಾಡುವುದಾದರೂ ಏನು?

ಬೆಟಾಮ್ಯಾಕ್ಸ್ ಮೊಕದ್ದಮೆ

ಒಂದು ವಾಹಿನಿಯ ‘ಕೊಲಂಬೊ’ ನೋಡುವುದಕ್ಕಾಗಿ ಇನ್ನೊಂದು ವಾಹಿನಿಯ ‘ಕೋಜಾಕ್’ ತಪ್ಪಿಸಿಕೊಳ್ಳಬೇಕಿಲ್ಲ ಎಂಬರ್ಥದ ಜಾಹೀರಾತಿನೊಂದಿಗೆ ಬೆಟಾಮ್ಯಾಕ್ಸ್ ಅಮೆರಿಕದಲ್ಲಿ ಪ್ರಚಾರ ಪಡೆಯಿತು. ಆ ಎರಡೂ ಪತ್ತೇದಾರಿ ಸರಣಿಗಳ ನಿರ್ಮಾಪಕರು ಯೂನಿವರ್ಸಲ್ ಸ್ಟುಡಿಯೋಸ್. ತನ್ನ ಸ್ವತ್ತನ್ನು ನಕಲು ಮಾಡುವ ಯಂತ್ರವನ್ನು ತನ್ನದೇ ಕಾರ್ಯಕ್ರಮಗಳ ಹೆಸರಿನಲ್ಲಿ ಮಾರಲಾಗುತ್ತಿದೆ ಎಂದು ಕೆರಳಿದ ಯೂನಿವರ್ಸಲ್, ವಾಲ್ಟ್ ಡಿಸ್ನಿ ಸಂಸ್ಥೆಯೊಡಗೂಡಿ 1976ರ ನವೆಂಬರಿನಲ್ಲಿ ಸೋನಿಯ ವಿರುದ್ಧ ದಾವೆ ಹೂಡಿತು. ಮನೆಯಲ್ಲಿ ರೆಕಾರ್ಡ್ ಮಾಡುವವರು ಹಕ್ಕುಸ್ವಾಮ್ಯವನ್ನು ಉಲ್ಲಂಘಿಸುತ್ತಿದ್ದಾರೆ, ಅದಕ್ಕೆ ಸಲಕರಣೆ ಒದಗಿಸಿದ ಸೋನಿ ಹೊಣೆಗಾರ ಎಂಬುದು ಅವರ ವಾದ.

1979ರಲ್ಲಿ ಜಿಲ್ಲಾ ನ್ಯಾಯಾಲಯ ಸೋನಿಯ ಪರವಾಗಿ ತೀರ್ಪಿತ್ತಿತು. 1981ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆ ತೀರ್ಪು ಹಾಗೆಯೇ ಉಳಿದಿದ್ದರೆ ಅಷ್ಟರಲ್ಲಾಗಲೇ ಲಕ್ಷಾಂತರ ಮನೆಗಳಲ್ಲಿ ನಡೆಯುತ್ತಿದ್ದ ಕೆಲಸವೊಂದು ಕಾನೂನುಬಾಹಿರವಾಗುತ್ತಿತ್ತು. ಸರ್ವೋಚ್ಚ ನ್ಯಾಯಾಲಯ 1983ರ ಜನವರಿಯಲ್ಲಿ ವಾದ ಆಲಿಸಿ, ನಿರ್ಣಯಕ್ಕೆ ಬಾರದೆ, ಅಕ್ಟೋಬರಿನಲ್ಲಿ ಮತ್ತೊಮ್ಮೆ ವಾದ ಆಲಿಸಿತು. ಮೊದಲ ಸುತ್ತಿನಲ್ಲಿ ಬಹುಮತ ಸ್ಟುಡಿಯೊಗಳ ಕಡೆಗೇ ವಾಲಿತ್ತೆಂದು ನಂತರ ಬಹಿರಂಗಗೊಂಡ ನ್ಯಾಯಮೂರ್ತಿಗಳ ಕಡತಗಳು ತಿಳಿಸುತ್ತವೆ. 1984ರ ಜನವರಿ 17ರಂದು 5–4 ಮತಗಳಿಂದ ಸೋನಿ ಗೆದ್ದಿತು.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಎರಡು ಅಂಶಗಳನ್ನು ಎತ್ತಿಹಿಡಿದರು. ಉಚಿತವಾಗಿ ಪ್ರಸಾರವಾದ ಕಾರ್ಯಕ್ರಮವನ್ನು ಮನೆಯಲ್ಲಿ, ಲಾಭದ ಉದ್ದೇಶವಿಲ್ಲದೆ, ನಂತರ ನೋಡಲೆಂದು ರೆಕಾರ್ಡ್ ಮಾಡುವುದು ‘ನ್ಯಾಯೋಚಿತ ಬಳಕೆ’. ಹಾಗೂ ಗಣನೀಯ ಪ್ರಮಾಣದ ಕಾನೂನುಬದ್ಧ ಉಪಯೋಗವಿರುವ ಯಂತ್ರವನ್ನು ಮಾರಿದ ಮಾತ್ರಕ್ಕೆ ತಯಾರಕರು ಉಲ್ಲಂಘನೆಗೆ ಹೊಣೆಯಾಗುವುದಿಲ್ಲ. ಎರಡೂ ಪಕ್ಷಗಳು ನಡೆಸಿದ ಸಮೀಕ್ಷೆಗಳಲ್ಲಿ ಯಂತ್ರದ ಪ್ರಧಾನ ಬಳಕೆ ಟೈಮ್ ಶಿಫ್ಟಿಂಗೇ ಎಂದು ಕಂಡುಬಂದಿದ್ದುದನ್ನು ತೀರ್ಪು ಗಮನಿಸಿತು. ಮಕ್ಕಳ ಕಾರ್ಯಕ್ರಮದ ಪ್ರಸಿದ್ಧ ನಿರೂಪಕ ಫ್ರೆಡ್ ರೋಜರ್ಸ್ ನೀಡಿದ ಸಾಕ್ಷ್ಯವೂ ಅದರಲ್ಲಿ ಉಲ್ಲೇಖಗೊಂಡಿದೆ. ಕೆಲವು ಮಕ್ಕಳಿಗೆ ನೋಡಲಾಗದ ಹೊತ್ತಿನಲ್ಲಿ ತಮ್ಮ ಕಾರ್ಯಕ್ರಮ ಪ್ರಸಾರವಾಗುತ್ತದೆ, ಕುಟುಂಬಗಳು ಅದನ್ನು ರೆಕಾರ್ಡ್ ಮಾಡಿ ಸೂಕ್ತ ಸಮಯದಲ್ಲಿ ತೋರಿಸುವುದು ಒಳ್ಳೆಯದೇ ಎಂಬುದು ಅವರ ನಿಲುವಾಗಿತ್ತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್. ಸ್ಟುಡಿಯೊಗಳು ಭಯಪಟ್ಟ ನಷ್ಟ ಆಗಲಿಲ್ಲ. ಕ್ಯಾಸೆಟ್ಟುಗಳ ಮಾರಾಟ ಮತ್ತು ಬಾಡಿಗೆಯೇ ಮುಂದೆ ಅವುಗಳಿಗೆ ದೊಡ್ಡ ಆದಾಯವಾಯಿತು.

ವಾರದ ಬಾಕಿ

ಅಮೆರಿಕದಲ್ಲಿ ಹೆಚ್ಚಾಗಿ ರೆಕಾರ್ಡ್ ಆಗುತ್ತಿದ್ದ ಕಾರ್ಯಕ್ರಮಗಳಲ್ಲಿ ಹಗಲು ಹೊತ್ತಿನ ಧಾರಾವಾಹಿಗಳು ಸೇರಿದ್ದವು. ಉದ್ಯೋಗಸ್ಥ ಮಹಿಳೆಯರು ಮತ್ತು ವಿದ್ಯಾರ್ಥಿಗಳು ಅವನ್ನು ಪ್ರಸಾರದ ಹೊತ್ತಿನಲ್ಲಿ ನೋಡುವುದು ಸಾಧ್ಯವಿರಲಿಲ್ಲ. ಒಂದು ಗಂಟೆಯ ಐದು ಕಂತುಗಳೆಂದರೆ ಐದು ಗಂಟೆ. ಸಾಮಾನ್ಯ ವಿ.ಎಚ್.ಎಸ್. ಕ್ಯಾಸೆಟ್ಟನ್ನು ಅತಿ ನಿಧಾನದ ವೇಗದಲ್ಲಿ ಓಡಿಸಿದರೆ ಆರು ಗಂಟೆ ಹಿಡಿಸುತ್ತಿದ್ದುದರಿಂದ ಇಡೀ ವಾರ ಒಂದೇ ಕ್ಯಾಸೆಟ್ಟಿನಲ್ಲಿ ಅಡಗುತ್ತಿತ್ತು. ಚಿತ್ರದ ಗುಣಮಟ್ಟ ಮಾತ್ರ ತಗ್ಗುತ್ತಿತ್ತು. ಜಾಹೀರಾತುಗಳನ್ನು ಓಡಿಸಿಕೊಂಡು ನೋಡಿದರೆ ಐದು ಗಂಟೆಯ ಬಾಕಿ ನಾಲ್ಕು ಗಂಟೆಯೊಳಗೆ ತೀರುತ್ತಿತ್ತು.

ಯಂತ್ರಕ್ಕೆ ಸಮಯ ಹೊಂದಿಸುವುದೇ ಹಲವರಿಗೆ ತಲೆನೋವು. ಗಡಿಯಾರವನ್ನೇ ಹೊಂದಿಸದೆ 12:00 ಎಂದು ಮಿನುಗುತ್ತಿರುವ ವಿ.ಸಿ.ಆರ್. ಆ ಕಾಲದ ನಗೆಹನಿಗಳ ಖಾಯಂ ವಸ್ತುವಾಗಿತ್ತು. 1990ರಲ್ಲಿ ಜೆಮ್‌ಸ್ಟಾರ್ ಸಂಸ್ಥೆ ತಂದ ‘ವಿ.ಸಿ.ಆರ್. ಪ್ಲಸ್’ ಪದ್ಧತಿಯಲ್ಲಿ ಪತ್ರಿಕೆಯ ಕಾರ್ಯಕ್ರಮ ಪಟ್ಟಿಯ ಪಕ್ಕದಲ್ಲಿ ಅಚ್ಚಾದ ಸಂಖ್ಯೆಯನ್ನು ಒತ್ತಿದರೆ ಸಾಕಾಗುತ್ತಿತ್ತು. ಪಂದ್ಯವೊಂದು ತಡವಾಗಿ ಮುಗಿದು ಮುಂದಿನ ಕಾರ್ಯಕ್ರಮ ಹಿಂದೆ ಸರಿದರೆ ಕಥೆಯ ಕೊನೆಯೇ ಕತ್ತರಿಸಿಹೋಗುವ ತೊಂದರೆ ಇದರಿಂದ ಪರಿಹಾರವಾಗಲಿಲ್ಲ. ಜರ್ಮನಿಯಲ್ಲಿ 1985ರಲ್ಲೇ ಬಂದಿದ್ದ ವಿ.ಪಿ.ಎಸ್. ಎಂಬ ವ್ಯವಸ್ಥೆ ಅದಕ್ಕೆ ಉತ್ತರವಾಗಿತ್ತು: ಕಾರ್ಯಕ್ರಮ ನಿಜವಾಗಿ ಆರಂಭವಾದಾಗ ವಾಹಿನಿಯೇ ಯಂತ್ರಕ್ಕೆ ಸಂಕೇತ ಕಳುಹಿಸುತ್ತಿತ್ತು.

1999ರಲ್ಲಿ ಟಿವೊ ಮತ್ತು ರೀಪ್ಲೇ ಟಿ.ವಿ. ಎಂಬ ಹಾರ್ಡ್ ಡಿಸ್ಕ್ ರೆಕಾರ್ಡರುಗಳು ಬಂದವು. ಸರಣಿಯ ಹೆಸರನ್ನು ಒಮ್ಮೆ ತಿಳಿಸಿದರೆ ಟಿವೊ ಅದರ ಕಂತುಗಳನ್ನೆಲ್ಲ ತಾನೇ ಹುಡುಕಿ ಹಿಡಿಯುತ್ತಿತ್ತು. ರೆಕಾರ್ಡ್ ಆಗುತ್ತಿರುವಾಗಲೇ ಅದೇ ಕಾರ್ಯಕ್ರಮವನ್ನು ಮೊದಲಿನಿಂದ ನೋಡುವುದೂ ಸಾಧ್ಯವಾಯಿತು. ಮೊದಲ ಮಾದರಿಗಳಲ್ಲೊಂದರ ಸಾಮರ್ಥ್ಯ 14 ಗಂಟೆ. ಜಾಗ ತುಂಬಿದಾಗ ಹಳೆಯದು ಅಳಿಸಿಹೋಗುತ್ತಿದ್ದುದರಿಂದ ಬಾಕಿ ತೀರಿಸಲು ಒಂದು ಗಡುವೂ ಹುಟ್ಟಿಕೊಂಡಿತು.

ವೀಕ್ಷಕರ ಈ ಅಭ್ಯಾಸ ಜಾಹೀರಾತಿನ ಲೆಕ್ಕಾಚಾರವನ್ನೂ ಬದಲಿಸಿತು. ಅಮೆರಿಕದ ನೀಲ್ಸನ್ ಸಂಸ್ಥೆ ನೇರ ವೀಕ್ಷಣೆಯ ಜೊತೆಗೆ ಮೂರು ದಿನ, ಏಳು ದಿನಗಳೊಳಗಿನ ವೀಕ್ಷಣೆಯನ್ನೂ ಎಣಿಸತೊಡಗಿತು. ಆದರೆ 2007ರಿಂದ ಜಾಹೀರಾತಿನ ದರಕ್ಕೆ ಆಧಾರವಾದ ‘ಸಿ3’ ಮಾಪನವು ಮೂರು ದಿನಗಳಿಗೆ ಸೀಮಿತ. ಸೋಮವಾರದ ಕಂತನ್ನು ಭಾನುವಾರ ನೋಡುವ ಮನೆ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬ್ರಿಟನ್ನಿನಲ್ಲಿ ಬಾರ್ಬ್ ಸಂಸ್ಥೆಯ ಕ್ರೋಡೀಕೃತ ಅಂಕಿಅಂಶ ಏಳು ದಿನಗಳನ್ನು ಒಳಗೊಳ್ಳುವುದರಿಂದ ವಾರಾಂತ್ಯದ ವೀಕ್ಷಕರು ಅಲ್ಲಿ ಎಣಿಕೆಗೆ ಸಿಗುತ್ತಾರೆ.

ಭಾರತದಲ್ಲಿ

1980ರ ದಶಕದ ಭಾರತದಲ್ಲಿ ವಿ.ಸಿ.ಆರ್. ಬಂದಾಗ ಬಹುತೇಕ ಊರುಗಳಿಗೆ ಸಿಗುತ್ತಿದ್ದುದು ದೂರದರ್ಶನದ ಒಂದೇ ವಾಹಿನಿ. ಆಯ್ಕೆಯ ಇಕ್ಕಟ್ಟೇ ಇಲ್ಲದ ಕಡೆ ಯಂತ್ರ ಮುಖ್ಯವಾಗಿ ಬಾಡಿಗೆ ಕ್ಯಾಸೆಟ್ಟಿನ ಚಲನಚಿತ್ರಗಳನ್ನು ನೋಡಲು ಬಳಕೆಯಾಯಿತು. ಉಪಗ್ರಹ ವಾಹಿನಿಗಳು ಹೆಚ್ಚಿದ ಮೇಲೆ, 2008ರಲ್ಲಿ ಬಂದ ಟಾಟಾ ಸ್ಕೈ ಪ್ಲಸ್‌ನಂಥ ಸೆಟ್ ಟಾಪ್ ಬಾಕ್ಸುಗಳು ರೆಕಾರ್ಡಿಂಗ್ ಸೌಲಭ್ಯ ಒದಗಿಸಿದವು. ಕನ್ನಡ ಧಾರಾವಾಹಿಗಳ ಮಟ್ಟಿಗೆ ಬಾಕಿ ತೀರಿಸುವ ದಾರಿಯನ್ನು ವಾಹಿನಿಗಳೇ ಮಾಡಿಕೊಟ್ಟಿವೆ: ಹಗಲಿನ ಮರುಪ್ರಸಾರಗಳು, ಹಲವು ಕಂತುಗಳ ಕಥೆಯನ್ನು ಒಟ್ಟಿಗೆ ತೋರಿಸುವ ‘ಮಹಾಸಂಚಿಕೆ’ಗಳು, ಈಚೆಗೆ ಮೊಬೈಲ್ ಆ್ಯಪ್‌ಗಳು. ಸಂಜೆ 7 ಗಂಟೆಯ ಧಾರಾವಾಹಿ ಅಮೆರಿಕದ ಪೂರ್ವ ಕರಾವಳಿಯ ಕನ್ನಡಿಗರಿಗೆ ಋತುಮಾನಕ್ಕೆ ತಕ್ಕಂತೆ ಬೆಳಗಿನ 8.30 ಅಥವಾ 9.30ರ ಹೊತ್ತಿನದಾಗುವುದರಿಂದ ಅವರಿಗೆ ಕಾಲಾಂತರ ವೀಕ್ಷಣೆ ಅನುಕೂಲಕ್ಕಿಂತ ಹೆಚ್ಚಾಗಿ ಅನಿವಾರ್ಯ.

ಬ್ರಿಟನ್ನಿನ 1988ರ ಹಕ್ಕುಸ್ವಾಮ್ಯ ಕಾಯಿದೆಯ 70ನೆಯ ಕಲಮು, ಹೆಚ್ಚು ಅನುಕೂಲಕರ ಸಮಯದಲ್ಲಿ ನೋಡುವ ಉದ್ದೇಶದ ಖಾಸಗಿ ರೆಕಾರ್ಡಿಂಗಿಗೆ ಸ್ಪಷ್ಟವಾಗಿ ಅವಕಾಶ ನೀಡುತ್ತದೆ. ಭಾರತದ 1957ರ ಕಾಯಿದೆಯು 52ನೆಯ ಕಲಮಿನಲ್ಲಿ ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕಾಗಿ ‘ನ್ಯಾಯೋಚಿತ ವ್ಯವಹಾರ’ ಎಂಬ ವಿಶಾಲ ವಿನಾಯಿತಿಯನ್ನು ನೀಡಿದೆ.

ಕ್ಯಾಚ್-ಅಪ್ ಸೇವೆಗಳು

ರೆಕಾರ್ಡಿಂಗ್ ಮನೆಯಿಂದ ಕಂಪನಿಯ ಕಂಪ್ಯೂಟರಿಗೆ ಸ್ಥಳಾಂತರಗೊಂಡಾಗ ಹಳೆಯ ವಿವಾದ ಮತ್ತೆ ತಲೆಯೆತ್ತಿತು. ದೂರದ ಸರ್ವರಿನಲ್ಲಿ ಗ್ರಾಹಕರಿಗಾಗಿ ರೆಕಾರ್ಡಿಂಗ್ ಇಡುವ ಕೇಬಲ್‌ವಿಷನ್ ಸಂಸ್ಥೆಯ ಸೇವೆಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2008ರಲ್ಲಿ ಮಾನ್ಯ ಮಾಡಿತು. ಆಸ್ಟ್ರೇಲಿಯದ ಫೆಡರಲ್ ನ್ಯಾಯಾಲಯದ ಪೂರ್ಣಪೀಠ 2012ರಲ್ಲಿ ಆಪ್ಟಸ್ ಸಂಸ್ಥೆಯ ಇಂಥದೇ ಸೇವೆಯನ್ನು ಉಲ್ಲಂಘನೆ ಎಂದಿತು. ವೀಕ್ಷಕರ ಖಾಸಗಿ ರೆಕಾರ್ಡಿಂಗಿಗೆ ಇರುವ ವಿನಾಯಿತಿ ಕಂಪನಿಗೆ ದೊರೆಯದು ಎಂಬುದು ಅದರ ತರ್ಕ.

ಪ್ರಸಾರಕರದೇ ಕ್ಯಾಚ್-ಅಪ್ ಸೇವೆಗಳಲ್ಲಿ ಈ ತೊಡಕಿಲ್ಲ, ಆದರೆ ಹಿಡಿತ ಪೂರ್ತಿಯಾಗಿ ಅವರದು. 2007ರ ಡಿಸೆಂಬರ್ 25ರಂದು ಆರಂಭವಾದ ಬಿ.ಬಿ.ಸಿ. ಐಪ್ಲೇಯರ್ ಕಾರ್ಯಕ್ರಮಗಳನ್ನು ಸಾಮಾನ್ಯವಾಗಿ ಏಳು ದಿನ ಲಭ್ಯವಿರಿಸುತ್ತಿತ್ತು. 2014ರಲ್ಲಿ ಅದು 30 ದಿನಗಳಾಯಿತು. ಕ್ಯಾಸೆಟ್ಟಿನ ಯಜಮಾನ ವೀಕ್ಷಕ; ಇಲ್ಲಿ ಅವಧಿ ಮುಗಿದರೆ ಕಂತು ಕಣ್ಮರೆ. ಜಾಹೀರಾತನ್ನು ದಾಟಿಸಲು ಬಿಡದ ಸೇವೆಗಳೂ ಇವೆ.

ದಾಖಲೆಯಾಗಿ ಉಳಿದ ರೆಕಾರ್ಡಿಂಗುಗಳು

ನಂತರ ನೋಡಲೆಂದೋ ಕೇಳಲೆಂದೋ ಹಿಡಿದಿಟ್ಟದ್ದು ಕೆಲವೊಮ್ಮೆ ಏಕೈಕ ಪ್ರತಿಯಾಗಿ ಉಳಿದಿದೆ. ಬಿ.ಬಿ.ಸಿ. ಅಳಿಸಿಹಾಕಿದ ‘ಡಾಕ್ಟರ್ ಹೂ’ ಸರಣಿಯ 1960ರ ದಶಕದ ಕಂತುಗಳ ಧ್ವನಿ ಇಂದಿಗೂ ಲಭ್ಯವಿರುವುದು, ವೀಕ್ಷಕರು ಪ್ರಸಾರದ ವೇಳೆ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುದರಿಂದ. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ 1970ರ ದಶಕದ ಕೊನೆಯಿಂದ 2012ರಲ್ಲಿ ನಿಧನರಾಗುವವರೆಗೆ ಹಗಲಿರುಳೂ ವಾರ್ತಾ ಪ್ರಸಾರಗಳನ್ನು ರೆಕಾರ್ಡ್ ಮಾಡಿದರು. ಅವರು ಬಿಟ್ಟುಹೋದ ಸುಮಾರು 70,000 ಕ್ಯಾಸೆಟ್ಟುಗಳು ಈಗ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವಶದಲ್ಲಿವೆ. ಇಂಥ ಸಂಗ್ರಹಗಳನ್ನು ಡಿಜಿಟಲ್ ರೂಪಕ್ಕೆ ತರಲು ಚಾಲನೆಯಲ್ಲಿರುವ ವಿ.ಸಿ.ಆರ್.ಗಳೇ ಬೇಕು. ಅವನ್ನು ತಯಾರಿಸುತ್ತಿದ್ದ ಕೊನೆಯ ಕಂಪನಿಯೆನಿಸಿದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು.