ಛತ್ರದ ಸೌದೆ

ತುಮಕೂರಿನಿಂದ ಶಿರಾದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಕಾರ್ಖಾನೆಗಳ ಗೋಡೆಗಳೂ ತರಕಾರಿಯ ಮಂಡಿಗಳೂ ಲಾರಿಗಳ ಸಾಲುಗಳೂ ಎದುರಾಗುವ ಅಂತರಸನಹಳ್ಳಿಯನ್ನು ಇಂದು ಕಾಣುವವರಿಗೆ, ಈ ಸೀಮೆಯಲ್ಲಿ ದಾರಿಹೋಕನಿಗೆ ಒಂದು ರಾತ್ರಿಯ ಆಶ್ರಯವನ್ನು ಕೊಡುವುದು ಹಿಂದೆ ವ್ಯಾಪಾರವೆನಿಸದೆ ಧರ್ಮವೆನಿಸಿದ್ದಿತೆಂಬುದು ಸುಲಭವಾಗಿ ತೋಚದು. ಧರ್ಮವೆಂದ ಮಾತ್ರಕ್ಕೆ ಅದು ವೆಚ್ಚವಿಲ್ಲದ ಕಾರ್ಯವಾಗಿರಲಿಲ್ಲ. ಅಕ್ಕಿ ರಾಗಿಗಳನ್ನು ಪಥಿಕನೇ ಗಂಟಿನಲ್ಲಿ ಕಟ್ಟಿ ತಂದಾನು. ಆದರೆ ನೀರು, ಸೌದೆ, ದೀಪದ ಎಣ್ಣೆ ಇವುಗಳನ್ನು ಹೊತ್ತು ತರುವವರಾರು? ಆಶ್ರಯ ಕೊಟ್ಟವನ ಭಾರ ಬಹುಮಟ್ಟಿಗೆ ಇಂಧನದ ಭಾರವೇ ಆಗಿದ್ದಿತು.

ನಮ್ಮ ಪೂರ್ವಿಕರು ಈ ಭಾರವನ್ನು ಬಲ್ಲವರಾಗಿದ್ದರೆಂಬುದಕ್ಕೆ ದಾನಶಾಸನಗಳೇ ಸಾಕ್ಷಿ. ಸತ್ರಕ್ಕೆ, ಅರವಟ್ಟಿಗೆಗೆ, ಅನ್ನದಾನಕ್ಕೆ ದಾನಿಗಳು ಹಣವನ್ನಿಟ್ಟುದೂ ಉಂಟಾದರೂ, ಗದ್ದೆ ಹೊಲ ತೋಟಗಳನ್ನು ಬಿಟ್ಟುಕೊಟ್ಟುದೇ ಹೆಚ್ಚು. ಇದನ್ನು ಕೇವಲ ಪುಣ್ಯಾಪೇಕ್ಷೆಯೆಂದು ನಾನು ಎಣಿಸಲಾರೆ. ಧಾನ್ಯದ ಬೆಲೆ ಏರಿದಾಗ ಭೂಮಿಯ ಉತ್ಪತ್ತಿಯ ಬೆಲೆಯೂ ಅದರೊಡನೆಯೇ ಏರುವುದರಿಂದ, ಆ ಏರ್ಪಾಡಿನಲ್ಲಿ ದುಬ್ಬರಕ್ಕೆ ಪರಿಹಾರವೂ ಅಡಗಿದ್ದಿತು. ದಾನದ ಹೊರಗಾದರೋ, ಮಲೆನಾಡಿನ ಅಡಕೆ ತಮಿಳುನಾಡಿನ ವಾಲಾಜಾಪೇಟೆಯತ್ತ ಇಳಿಯುವ ನಡುದಾರಿಯಲ್ಲಿ ತುಮಕೂರಿನ ಬಳಿಯ ಗುಬ್ಬಿಯು ದೊಡ್ಡ ಪೇಟೆಯಾಗಿ ಬೆಳೆದಿದ್ದ ಕಾಲದಲ್ಲಿ, ಹೇರೆತ್ತುಗಳೊಡನೆ ಬಂದಿಳಿದ ವರ್ತಕರಿಗೆ ಹುಲ್ಲು ಸೌದೆಗಳನ್ನು ಒದಗಿಸುವುದೇ ಊರವರಿಗೊಂದು ಜೀವನೋಪಾಯವಾಗಿದ್ದಿರಬೇಕು.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ರೈಲು ಅತಿಥಿಗಳನ್ನು ತಂದುದಷ್ಟೇ ಅಲ್ಲ, ಅತಿಥಿಯ ಒಲೆಗೆ ಬೇಕಾದ ಕಟ್ಟಿಗೆಯನ್ನೂ ಉರಿಸಿತು. ಕಲ್ಲಿದ್ದಲು ದೂರದಿಂದ ಬರಬೇಕಾಗಿದ್ದ ಮೈಸೂರು ಸೀಮೆಯಲ್ಲಿ ಎಂಜಿನುಗಳು ಸೌದೆಯನ್ನು ಸುಡುತ್ತಿದ್ದವು. ಅದಕ್ಕಾಗಿ ಸರ್ಕಾರವು ಸರ್ವೆಮರದ ತೋಪುಗಳನ್ನೇ ಬೆಳೆಸಬೇಕಾಯಿತು. ಕಾಡಿಗೂ ಪೇಟೆಗೂ ನಡುವೆ ಇಂಥ ಗಿರಾಕಿಯೊಬ್ಬನು ಬಂದು ನಿಂತ ಮೇಲೆ ಸೌದೆಯ ಬೆಲೆ ಹಿಂದಿನಂತೆ ಉಳಿಯುವುದೆಂತು?

ಛತ್ರಗಳಿಗೆ ಬಿದ್ದ ನಿಜವಾದ ಪೆಟ್ಟು ಸ್ವಾತಂತ್ರ್ಯಾನಂತರದ್ದು. 1955ರ ಕಾನೂನಿನಿಂದ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳು ರದ್ದಾದುವು. ಉಳುವವನಿಗೆ ನೆಲ ದಕ್ಕಿತು, ಅದು ನ್ಯಾಯವೇ. ಆದರೆ ಇನಾಮು ಹೋದ ಸಂಸ್ಥೆಗಳಿಗೆ ದೊರೆತ ತಸ್ತೀಕು ನಿಗದಿಯಾದ ನಗದು. ಬೆಲೆ ಏರಿದರೂ ಅದು ತಾನಾಗಿ ಏರದು. ಭೂಮಿಯ ಜಾಗದಲ್ಲಿ ಅಂಕಿಯನ್ನು ಕೂರಿಸಿದ ಮೇಲೆ, ಭಕ್ತರು ಮೂಟೆಗಟ್ಟಲೆ ಧಾನ್ಯವನ್ನೇ ತಂದೊಪ್ಪಿಸುವ ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆಯ ದಾಸೋಹಗಳು ಬಾಳಿದುವು. ನಗದನ್ನೇ ನಂಬಿದ ಚಿಕ್ಕ ಛತ್ರಗಳು ಸೊರಗಿದುವು.

ಇಂದು ಅಂತರಸನಹಳ್ಳಿಯಂಥ ಎಡೆಯಲ್ಲಿ ಕೋಣೆಯನ್ನು ಬಾಡಿಗೆಗೆ ಕೊಡುವ ಗೃಹಸ್ಥನ ಹಿಂದೆ ಉಂಬಳಿಯೂ ಇಲ್ಲ, ತಸ್ತೀಕೂ ಇಲ್ಲ. ಬಿಸಿನೀರಿನ ಗೀಸರು, ಫ್ಯಾನು, ನೀರೆತ್ತುವ ಮೋಟಾರುಗಳ ಲೆಕ್ಕವೆಲ್ಲ ಅವನದೇ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ತಿಂಗಳಿಗೆ 200 ಯೂನಿಟ್ಟಿನ ಮಿತಿಯಲ್ಲಿ ಮನೆಬಳಕೆಯ ವಿದ್ಯುತ್ತನ್ನು ಉಚಿತಗೊಳಿಸಿತಾದರೂ, ಆರಂಭದಲ್ಲಿ ಅದೂ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10ನ್ನು ಸೇರಿಸಿದಷ್ಟಕ್ಕೆ ಮಾತ್ರವಾಗಿದ್ದಿತು. ವಾಣಿಜ್ಯ ಸಂಪರ್ಕಕ್ಕೆ ಆ ಸೌಲಭ್ಯವಿಲ್ಲ. 14.2 ಕಿಲೋ ತೂಕದ ಮನೆಯ ಸಿಲಿಂಡರಿನ ಬೆಲೆಯನ್ನು ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು 200 ರೂಪಾಯಿ ಇಳಿಸಿದಾಗ ಗೃಹಿಣಿಗೆ ನೆಮ್ಮದಿಯಾಯಿತು. ಊಟವನ್ನೂ ಮಾರುವವನು ಕೊಳ್ಳಬೇಕಾದ 19 ಕಿಲೋ ಸಿಲಿಂಡರಿನ ದರವೋ ಸಾಮಾನ್ಯವಾಗಿ ತಿಂಗಳ ಮೊದಲ ದಿನ ಪರಿಷ್ಕರಣೆಗೊಳ್ಳುವುದು. ಹನ್ನೊಂದು ತಿಂಗಳ ಕರಾರು ಬರೆದುಕೊಟ್ಟವನು ನಡುವೆ ಬಾಡಿಗೆಯನ್ನು ಏರಿಸಲಾರನಾದುದರಿಂದ, ಕೋಣೆಗೊಂದು ಸಬ್‌ಮೀಟರನ್ನು ಜೋಡಿಸಿ ಕರೆಂಟಿನ ಹಣವನ್ನು ಬೇರೆಯಾಗಿ ಕೇಳುವನು. ದಿನದ ಲೆಕ್ಕಕ್ಕೆ ಕೋಣೆ ಕೊಡುವವನಿಗೆ ಆ ಉಪಾಯವೂ ಹೊಂದದು. ಒಂದೇ ರಾತ್ರಿಗೆ ಬಂದವನ ಮುಂದೆ ಮೀಟರಿನ ಅಂಕಿಯನ್ನು ಓದಿ ಹೇಳುವುದೆಂತು? ಅವನು ದರವನ್ನು ಏರಿಸಿದರೆ, ಅದೇ ಹೆದ್ದಾರಿಯ ಲಾರಿ ಚಾಲಕನು ಗಾಡಿಯಲ್ಲಿಯೇ ಮಲಗಿ, ತನ್ನದೇ ಸ್ಟೌವಿನಲ್ಲಿ ಅಡಿಗೆ ಮಾಡಿಕೊಳ್ಳುವನು.