ಪದ ಪರಿಚಯ: ವಿದ್ಯುನ್ಮಂಡಲ

‘ವಿದ್ಯುತ್’ ಎಂದರೆ ಸಂಸ್ಕೃತದಲ್ಲಿ ಮಿಂಚು. ‘ಮಂಡಲ’ವೆಂದರೆ ದುಂಡಗಿನದು, ಬಳೆಯಂತೆ ಸುತ್ತಿ ಬಂದದ್ದು. ‘ವಾಕ್’ಗೆ ‘ಮಯ’ ಸೇರಿ ‘ವಾಙ್ಮಯ’ವಾದ ಹಾಗೆ, ಅನುನಾಸಿಕ ಸಂಧಿಯಿಂದ ಇವೆರಡೂ ಕೂಡಿ ‘ವಿದ್ಯುನ್ಮಂಡಲ’ವಾಗಿವೆ. ಇದಕ್ಕೆ ಸಮನಾದ ಇಂಗ್ಲಿಷಿನ ‘ಸರ್ಕ್ಯೂಟ್’ ಪದದ ಲ್ಯಾಟಿನ್ ಮೂಲಕ್ಕೂ ಸುತ್ತಿ ಬರುವುದು ಎಂದೇ ಅರ್ಥ. ನಾಗಮಂಡಲ, ಸೌರಮಂಡಲ ಬಲ್ಲ ನಮಗೆ ಈ ಪದ ಹೊರಗಿನದೆನಿಸದು.

ಹೆಸರಿನಲ್ಲೇ ಪಾಠವಿದೆ. ಮನೆಯ ಬಲ್ಬನ್ನೇ ನೋಡಿ. ಫೇಸ್ ತಂತಿ ಮೊದಲು ಸ್ವಿಚ್ಚಿಗೆ, ಅಲ್ಲಿಂದ ಹೋಲ್ಡರಿಗೆ ಬರುತ್ತದೆ. ಬಲ್ಬನ್ನು ಹಾದ ಮೇಲೆ ನ್ಯೂಟ್ರಲ್ ತಂತಿ ಸುತ್ತನ್ನು ಪೂರ್ತಿ ಮಾಡುತ್ತದೆ. ಎಲ್ಲಾದರೂ ಕೂದಲೆಳೆಯಷ್ಟು ಕಡಿದರೂ ಕತ್ತಲೆ. ಸುಟ್ಟುಹೋದ ಹಳೆಯ ಬಲ್ಬನ್ನು ಕಿವಿಯ ಬಳಿ ಅಲುಗಿಸಿದರೆ ಕೇಳುವ ಸಣ್ಣ ಕಿಣಿಕಿಣಿ, ತುಂಡಾದ ಟಂಗ್‌ಸ್ಟನ್ ಎಳೆಯದು. ಮಂಡಲ ಹರಿದದ್ದು ಅಲ್ಲೇ.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ಬಾಗಿಲು ತೆರೆದರೆ ದಾರಿಯುಂಟು. ‘ತೆರೆದ ಮಂಡಲ’ದಲ್ಲಿ ದಾರಿಯಿಲ್ಲ. ಸ್ವಿಚ್ ಹಾಕಿದಾಗ ಮಂಡಲ ಮುಚ್ಚುತ್ತದೆ, ಆರಿಸಿದಾಗ ತೆರೆಯುತ್ತದೆ. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಕೂಡಿಸಿದ್ದರೆ, ದೀಪ ಆರಿದರೂ ಹೋಲ್ಡರಿನಲ್ಲಿ 230 ವೋಲ್ಟ್ ಕಾದು ಕೂತಿರುತ್ತದೆ. ಆದ್ದರಿಂದ ಹೋಲ್ಡರಿಗೆ ಕೈ ಹಾಕುವ ಮುನ್ನ ಮೇನ್ ಸ್ವಿಚ್ಚನ್ನೇ ಆಫ್ ಮಾಡಿ.